ಬಿಡು ಅಂದರೆ ಬಿಡಬೇಕು

ನಮ್ಮ ಲಾರಿಯ ಮಟ್ಟಿಗೆ ಒಂದೇ ಒಂದು ಮಾತು ನಿಷಿದ್ಧ. ಬೈಗುಳವಲ್ಲ. ಬೈಗುಳಕ್ಕೆ ನಮ್ಮಲ್ಲಿ ಬರವೂ ಇಲ್ಲ, ನಿಷೇಧವೂ ಇಲ್ಲ. ಮೂರನೇ ಮಹಡಿಯಿಂದ ಫ್ರಿಜ್ ಇಳಿಸುವವನ ಬಾಯಲ್ಲಿ ಮಂತ್ರ ಬರುವುದಿಲ್ಲ. ನಿಷಿದ್ಧವಾದ ಮಾತು 'ಬಿಡು'.

ಇದೇನು ಮಹಾ ಎನ್ನಬೇಡಿ. ಒಂದು ದಿನ ಆ ಮಾತಿಲ್ಲದೆ ಬಾಳಿ ನೋಡಿ. ಹೋಗಲಿ ಬಿಡು, ಆಯ್ತು ಬಿಡು, ಅವನ ವಿಷಯ ಬಿಡು, ದಾರಿ ಬಿಡು, ನಿನಗೇನು ಬಿಡಪ್ಪ ಪುಣ್ಯವಂತ. ಉಸಿರಿಗೊಂದು ಸಲ ಬಾಯಿಗೆ ಬರುತ್ತದೆ. ನಮ್ಮ ಕೆಲಸದಲ್ಲಿ ಮಾತ್ರ ಅದಕ್ಕೆ ಒಂದೇ ಅರ್ಥ: ಸಾಮಾನು ಕೈ ಮೀರಿದೆ, ಹಿಡಿದಿದ್ದನ್ನು ಹಾಗೇ ಬಿಟ್ಟು ಗೋಡೆಗೆ ಅಂಟಿಕೋ, ಜೀವ ಉಳಿಸಿಕೋ. ಕೆಳಗಿಡಬೇಕಾದರೆ 'ಕೂರಿಸು' ಅನ್ನುತ್ತೇವೆ. ದಾರಿ ಬೇಕಾದರೆ 'ಸರಿ' ಅನ್ನುತ್ತೇವೆ. 'ಬಿಡು' ಅನ್ನುವುದು ಸಾವು ಕಣ್ಣೆದುರು ಕಂಡಾಗ ಮಾತ್ರ. ಅಂದ ಮೇಲೆ ಯಾಕೆ, ಏನು ಎಂದು ಕೇಳುವ ಹಾಗಿಲ್ಲ.

ಈ ಕಾನೂನು ತಂದವನು ತಳಪಾಯ. ಲಾರಿ ನನ್ನದು, ಕಾನೂನು ಅವನದು.

ತಳಪಾಯ ಅವನ ಹೆಸರಲ್ಲ, ನಾವಿಟ್ಟದ್ದು. ಮೆಟ್ಟಿಲಲ್ಲಿ ಭಾರ ಇಳಿಸುವಾಗ ಮುಕ್ಕಾಲು ಪಾಲು ಕೆಳಗಿನ ತುದಿ ಹಿಡಿದವನ ಮೇಲೆ ಬೀಳುತ್ತದೆ. ಅವನು ಕಾಣದ ಮೆಟ್ಟಿಲನ್ನು ಹಿಮ್ಮಡಿಯಲ್ಲಿ ಹುಡುಕಿಕೊಂಡು ಹಿಂದುಹಿಂದಕ್ಕೆ ಇಳಿಯಬೇಕು. ಆ ಜಾಗ ಯಾರಿಗೂ ಬೇಡ. ಇವನು ಬಂದ ದಿನದಿಂದ ಬೇರೆ ತುದಿ ಮುಟ್ಟಿದವನಲ್ಲ. ಮೇಲಿನ ತುದಿ ಸೋಡಾನದು. ಸೋಡಾ ಅಂದರೆ ಸೋಡಾಬುಡ್ಡಿ ಕನ್ನಡಕದವನು, ನನ್ನದೇ ವಯಸ್ಸು, ನನಗಿಂತ ಹೆಚ್ಚು ಗೊಣಗಾಟ. ನಾನು ಸ್ಟೇರಿಂಗ್ ಹಿಡಿಯುವವನು. ಮಿಕ್ಕ ಹೊತ್ತು ಗೋಡೆಗೆ ಗೋಣಿಚೀಲ ಒತ್ತಿ ಹಿಡಿದು 'ಎಡಕ್ಕೆ, ಬಲಕ್ಕೆ' ಎಂದು ಅರಚುವವನು. ಮೂವರದೇ ಸಂಸಾರ.

ಆ ಕಾನೂನು ಅವನಿಗೂ ಅಪ್ಪನಿಂದ ಬಂದದ್ದು. ಅಪ್ಪ ಗೂಡ್ಸ್ ಶೆಡ್ಡಿನಲ್ಲಿ ಹಮಾಲಿ. ಒಮ್ಮೆ ಯಂತ್ರದ ಪೆಟ್ಟಿಗೆಯೊಂದು ಹಲಗೆಯ ಮೇಲಿಂದ ಜಾರಿತು. ಮೇಲಿದ್ದವನು 'ಹುಷಾರು!' ಎಂದ. ಹುಷಾರು ಅಂದರೆ ಮನುಷ್ಯ ಏನು ಮಾಡುತ್ತಾನೆ? ತಲೆಯೆತ್ತಿ ನೋಡುತ್ತಾನೆ, ಇನ್ನೂ ಗಟ್ಟಿಯಾಗಿ ಹಿಡಿಯುತ್ತಾನೆ. ಅಪ್ಪನೂ ಹಿಡಿದ. ಪಾದ ಪುಡಿಯಾಯಿತು. ಆಮೇಲೆ ಕೆಲಸವಿಲ್ಲದೆ ಮನೆ ಹಿಡಿದ ಆ ಮನುಷ್ಯನಿಗೆ ಲೋಕಕ್ಕೆಲ್ಲ ಕಲಿಸಬೇಕಾದ ಪಾಠ ಒಂದೇ ಉಳಿಯಿತು. ಕಲಿಸಲು ಸಿಕ್ಕಿದ್ದು ಎರಡು ಮಕ್ಕಳು. ಮಗ ಒಂದು ಕಡೆ, ಅವನಿಗಿಂತ ಚಿಕ್ಕವಳು ಮಗಳು ಇನ್ನೊಂದು ಕಡೆ, ನಡುವೆ ಕಲ್ಲು ಚಪ್ಪಡಿ. ಅಂಗಳದಲ್ಲಿ ಸುತ್ತು ಹಾಕಿಸುತ್ತಿದ್ದ. ಯಾವಾಗಲೋ ಒಮ್ಮೆ, ದನಿ ಏರಿಸದೆ, 'ಬಿಡು' ಅನ್ನುತ್ತಿದ್ದ. ಅಂದ ತಕ್ಷಣ ಕಲ್ಲು ನೆಲಕ್ಕೆ ಬೀಳಬೇಕು, ಮಕ್ಕಳು ಹಿಂದಕ್ಕೆ ಹಾರಬೇಕು. ತಡವಾದರೆ ಬೆಲ್ಟು. ಚರ್ಮಕ್ಕೆ ಹತ್ತಿದ ಪಾಠ ತಲೆಗೆ ಹತ್ತಬೇಕಾಗಿಲ್ಲ ಎಂಬುದು ಅವನ ಸಿದ್ಧಾಂತ. ಮನುಷ್ಯ ಹಾಳು, ಸಿದ್ಧಾಂತ ಸರಿಯಾಗಿತ್ತು. ಟೀ ಕುಡಿಯುವಾಗ ಸೋಡಾ ಬೇಕಂತಲೇ ಅವನ ಹಿಂದೆ ಹೋಗಿ 'ಬಿಡು' ಎಂದು ಪಿಸುಗುಟ್ಟುತ್ತಿದ್ದ. ತಳಪಾಯನ ಕೈ ತಾನಾಗಿಯೇ ತೆರೆದು ಲೋಟ ನೆಲಕ್ಕೆ ಬೀಳುತ್ತಿತ್ತು. ಮರುಕ್ಷಣ ಅದೇ ಕೈ ಸೋಡಾನ ಕೊರಳಪಟ್ಟಿಯಲ್ಲಿರುತ್ತಿತ್ತು.

ಅವನ ಕಥೆ ಅಂದರೆ ಆ ಕೈಯ ಕಥೆ. ಬಾಯಿ ತೆರೆಯುವ ಮೊದಲೇ ಕೈ ಮಾತಾಡಿ ಮುಗಿಸುತ್ತಿತ್ತು. ಒಂದು ಮನೆಯ ಯಜಮಾನ, ಕಪಾಟಿನ ಗಾಜು ಒಡೆಯಿತೆಂದು ಸೋಡಾನ ಮುಖಕ್ಕೆ ಚಪ್ಪಲಿ ಎಸೆದ. ತಳಪಾಯ ಹೊತ್ತಿದ್ದ ಹಾಸಿಗೆಯನ್ನು ಮೆಲ್ಲಗೆ ಕೂರಿಸಿ, ಹೋಗಿ, ಆ ಚಪ್ಪಲಿಯನ್ನು ಎಸೆದವನ ಬಾಯಿಗೇ ತುರುಕಿದ. ಇನ್ನೊಮ್ಮೆ ನಮ್ಮ ಲಾರಿಯ ಕನ್ನಡಿ ಮುರಿದು ತಿರುಗಿ ಬೈದ ಬೈಕಿನವನನ್ನು ಹಿಡಿದು ಬಾನೆಟ್ಟಿಗೆ ಕುಟ್ಟಿದ. ಬೈಕಿನವನ ಹುಬ್ಬಿಗೆ ಹೊಲಿಗೆ ಬಿತ್ತು, ನನ್ನ ಬಾನೆಟ್ಟಿಗೆ ತಗ್ಗು ಬಿತ್ತು. ನನಗೆ ಅಸಾಧ್ಯ ಸಿಟ್ಟು ಬಂದಿತ್ತು, ಸ್ವಲ್ಪ ಹೆಮ್ಮೆಯೂ ಆಗಿತ್ತು. ಹೊಡೆದು ಮುಗಿದ ಮೇಲೆ ಅವನು ಎಲ್ಲಾದರೂ ಒಂದು ಕಡೆ ಕೂತು ತನ್ನ ಕೈಯನ್ನೇ ನೋಡುತ್ತಿದ್ದ, ಯಾರನ್ನೋ ಕಚ್ಚಿ ಬಂದು ಕಾಲ ಬಳಿ ಮಲಗಿದ ಸಾಕುನಾಯಿಯನ್ನು ನೋಡುವ ಹಾಗೆ.

"ಒಂದು ಮದುವೆ ಮಾಡ್ಕೊಳೋ, ಹದಕ್ಕೆ ಬರ್ತೀಯ," ಎಂದು ನಾನೊಮ್ಮೆ ಅಂದೆ.

"ಇದು ನಮ್ಮಪ್ಪನ ಕೈ, ಡ್ರೈವರಣ್ಣ," ಎಂದ. "ಕೈ ಹಿಡಿದವಳ ಮೇಲೇ ಮೊದಲು ಬೀಳೋದು. ಬೇಡ."

ಅವನಿಗೆ ಆ ಭಯವಿತ್ತು. ತಂಗಿಯ ಕೈ ಹಿಡಿದವನಿಗೆ ಇರಲಿಲ್ಲ.

ತಂಗಿಯ ಗಂಡನಿಗೆ ದೊಡ್ಡ ರಸ್ತೆಯಲ್ಲಿ ಟೈರ್ ಅಂಗಡಿ. ಪಂಕ್ಚರ್ ಹಾಕುವುದು, ಹಳೇ ಟೈರ್ ಕಳಚುವುದು. ದಿನವಿಡೀ ಸಲಾಕೆಯಿಂದ ರಬ್ಬರನ್ನು ಬಡಿದ ತೋಳು ಸಂಜೆ ಮನೆಗೆ ಬಂದರೂ ಸುಮ್ಮನಾಗುತ್ತಿರಲಿಲ್ಲ. ಸಾರು ತಣ್ಣಗಿದ್ದರೆ ಹೊಡೆತ, ಬಿಸಿಯಿದ್ದರೆ ಹೊಡೆತ. ಜೋರಾಗಿ ಅತ್ತರೆ ಮರ್ಯಾದೆ ತೆಗೆದಳೆಂದು ಹೊಡೆತ, ಅಳದಿದ್ದರೆ ಕೊಬ್ಬೆಂದು ಹೊಡೆತ. ಅಕ್ಕಪಕ್ಕದವರಿಗೆ ಎಲ್ಲ ಕೇಳುತ್ತಿತ್ತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಹೇಳಿ ಅವರೂ ಉಂಡು ಮಲಗುತ್ತಿದ್ದರು. ಆ ಗಾದೆ ಕಟ್ಟಿದ ಪುಣ್ಯಾತ್ಮ ಎಲ್ಲಾದರೂ ಸಿಕ್ಕರೆ ಹೇಳಿ, ತಳಪಾಯನ ಕೈಗೆ ಒಪ್ಪಿಸಬೇಕು.

ಅಣ್ಣನಿಗೆ ವಿಷಯ ಗೊತ್ತಾದ ದಿನವೇ ಟೈರ್ ಅಂಗಡಿಗೆ ನುಗ್ಗಿದ್ದ. ಅಲ್ಲಿದ್ದ ಗಿರಾಕಿಗಳೆದುರೇ ತಂಗಿಯ ಗಂಡನನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಎತ್ತಿ, ಮತ್ತೆ ಮುಳುಗಿಸಿ, ಕೊನೆಗೆ ಮುಂದಿನ ಹಲ್ಲು ಉದುರಿಸಿ ಬಂದ. ಪೊಲೀಸರು ಬಂದು ಹೊಡೆದವನನ್ನು ಕರೆದುಕೊಂಡು ಹೋದರು. ಅವನು ಒಳಗಿರುವಾಗ ಇಲ್ಲಿ ಆ ಹಲ್ಲಿಲ್ಲದವನು ಬಾಗಿಲು ಹಾಕಿಕೊಂಡು ಹೆಂಡತಿಯ ಜುಟ್ಟು ಹಿಡಿದು ಸ್ಟೀಲ್ ಬೀರುವಿಗೆ ತಲೆ ಚಚ್ಚಿದ. ಬೀರುವಿನ ಬಾಗಿಲು ಒಳಕ್ಕೆ ತಗ್ಗಿತು. ಆ ಬೀರುವನ್ನು ಅವಳ ಮದುವೆಗೆ ಕೊಟ್ಟವನು ಅಣ್ಣನೇ. ಒಬ್ಬನೇ ಬೆನ್ನ ಮೇಲೆ ಹೊತ್ತು ಆ ಮಹಡಿಗೆ ಏರಿಸಿದ್ದ. ಅವಳ ಒಂದು ಕಿವಿ ಅವತ್ತಿನಿಂದ ಮಂದ.

ಅವನು ಬಿಡುಗಡೆಯಾಗಿ ಬಂದಾಗ ಅವಳು ಹೇಳಿದ್ದನ್ನು ನಾನು ಲಾರಿಯ ಪಕ್ಕ ನಿಂತು ಕೇಳಿದೆ. "ನೀನು ಅಲ್ಲಿ ಕೊಟ್ಟಿದ್ದು ನನಗಿಲ್ಲಿ ಬಡ್ಡಿ ಸಮೇತ ಬಂತಣ್ಣ. ಇನ್ನೊಂದ್ಸಲ ಅವನ ಮೇಲೆ ಕೈ ಎತ್ತಿದ್ರೆ ನನ್ನ ಮುಖ ನೋಡ್ಬೇಡ."

ಆ ಮೇಲೆ ಬಹಳ ಕಾಲ ಅಣ್ಣ ಆ ಬೀದಿಗೇ ಹೋಗಲಿಲ್ಲ. ಕೊನೆಗೊಂದು ದಿನ ಅವಳೇ ನನ್ನ ಫೋನಿಗೆ ಕರೆ ಮಾಡಿದಳು, ಅಣ್ಣನ ಫೋನಿಗಲ್ಲ. ಬೇರೆ ಕಡೆ ಒಂದು ಕೋಣೆ ಹಿಡಿದಿದ್ದಾಳಂತೆ. ಗಂಡ ಅಂಗಡಿಗೆ ಹೋದ ಮೇಲೆ ಬೆಳಿಗ್ಗೆ ಲಾರಿ ತರಬೇಕಂತೆ. "ಅಣ್ಣ ಬರ್ಲಿ. ಆದ್ರೆ ಒಂದು ಮಾತು. ಅವನ ಕೈಯಲ್ಲಿ ಸಾಮಾನಿರ್ಬೇಕು, ಬೇರೇನೂ ಇರ್ಬಾರ್ದು. ಅವನು ಕೈ ಎತ್ತಿದ್ರೆ ಮತ್ತೆ ಅಣ್ಣನ್ನ ಒಳಗೆ ಹಾಕ್ತಾರೆ, ನಾನು ಮತ್ತೆ ಇವನ ಕೈಗೇ ಸಿಗ್ತೀನಿ. ಹಾಗಾಗೋದಾದ್ರೆ ನಾನು ಮನೆ ಬಿಟ್ಟು ಬರೋದೇ ಇಲ್ಲ. ಆಣೆ ಹಾಕಿ ಕೇಳಿ ಅವನನ್ನ."

ಕೇಳಿದೆ. ತಳಪಾಯ ಎರಡೂ ಕೈ ಪ್ಯಾಂಟಿನ ಜೇಬಿಗೆ ಹಾಕಿಕೊಂಡು, ಆಯ್ತು ಎಂದ. ಅವನ ಮುಖ ನೋಡಿ ನನಗೆ ನಂಬಿಕೆ ಬರಲಿಲ್ಲ. ಅವನಿಗೂ ಬಂದಿರಲಿಲ್ಲ.

ಮಾರನೆಯ ದಿನ ಹೋದೆವು. ಎರಡನೇ ಮಹಡಿ, ಹೊರಗಿನ ಮೆಟ್ಟಿಲು, ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ಕಬ್ಬಿಣದ ಕಟಕಟೆ, ನಡುವೆ ಒಂದು ತಿರುವು. ಎರಡೇ ಕೋಣೆಯ ಮನೆ. ಒಳಗೆ ಕಾಲಿಟ್ಟರೆ ಆ ಮನೆಯ ಚರಿತ್ರೆ ತಾನೇ ಕಾಣುತ್ತಿತ್ತು: ಬಚ್ಚಲ ಬಾಗಿಲಿಗೆ ಒಳಚಿಲಕ ಇರಲಿಲ್ಲ, ಕಿತ್ತ ಜಾಗದಲ್ಲಿ ಮೊಳೆಯ ತೂತು. ಕುರ್ಚಿಯ ಕಾಲಿಗೆ ತಂತಿ ಸುತ್ತಿತ್ತು. ಗೋಡೆಯಲ್ಲಿ ಒಂದು ಕಡೆ ಮಾತ್ರ ಹೊಸ ಸುಣ್ಣ. ತಳಪಾಯ ಆ ಹೊಸ ಸುಣ್ಣದ ಮುಂದೆ ನಿಂತ, ಅವನ ಬೆರಳುಗಳು ಮಡಿಚಿಕೊಂಡವು. ತಂಗಿ ಹೊಲಿಗೆ ಯಂತ್ರವನ್ನು ತಂದು ಅವನ ತೋಳಿಗೆ ಹೇರಿದಳು. ಅವನು ಹೊತ್ತು ನಡೆದ. ತಿರುಗಿ ಬಂದಾಗ ಪಾತ್ರೆಯ ಚೀಲ ಹೇರಿದಳು. ಅವತ್ತು ಅವಳು ಅವನ ಕೈ ಒಂದು ಗಳಿಗೆಯೂ ಖಾಲಿ ಇರಗೊಡಲಿಲ್ಲ.

ಬೀರುವನ್ನು ಬೇಡವೆಂದಿದ್ದಳು. ಲಾರಿಗೆ ಭಾರದ್ದು ಮೊದಲು ಹೋಗಬೇಕು, ಕ್ಯಾಬಿನ್ನಿಗೆ ಒರಗಿ ನಿಲ್ಲಬೇಕು, ಹಗುರದ್ದು ಆಮೇಲೆ. ಅದಕ್ಕೇ ನಾನು ಮೊದಲೇ ಎರಡೆರಡು ಸಲ ಕೇಳಿದ್ದೆ. ಬೇಡ ಅಂದಳು. ಮಂಚ, ಹಾಸಿಗೆ, ಡಬ್ಬಿ ಡಬರಿ ಎಲ್ಲ ತುಂಬಿ ನಾನು ಹಗ್ಗ ಬಿಗಿಯುತ್ತಿದ್ದೆ. ಆಗ ಮೇಲಿನಿಂದ ಸೋಡಾ ಬಗ್ಗಿ ಕೂಗಿದ: "ಬೀರೂನೂ ಬರುತ್ತಂತೆ!"

ನನಗೆ ತಲೆ ಕೆಟ್ಟಿತು. ಮೇಲೆ ಹೋದೆ. ಖಾಲಿ ಕೋಣೆಯಲ್ಲಿ ಅವಳು ಸೀರೆಗಳನ್ನು ಮತ್ತೆ ಬೀರುವಿನೊಳಗಿಟ್ಟು, ಅದರ ಬಾಗಿಲ ತಗ್ಗಿನ ಮೇಲೆ ಅಂಗೈ ಇಟ್ಟು ನಿಂತಿದ್ದಳು.

"ಏನಮ್ಮ ಇದು, ಅರ್ಧ ಲಾರಿ ಇಳಿಸ್ಬೇಕು ನಾನೀಗ!"

"ಇಳಿಸಿ. ಇದು ನನ್ನ ತಲೆ ಅಳತೆ. ಇದನ್ನ ಅವನಿಗೆ ಬಿಟ್ಟು ಹೋಗಲ್ಲ."

ಆ ಮಾತಿಗೆ ಎದುರು ಹೇಳುವಷ್ಟು ಕಲ್ಲು ನಾನಲ್ಲ. ಗೊಣಗಿಕೊಂಡು ಕೆಳಗೆ ಬಂದು, ಹಗ್ಗ ಬಿಚ್ಚಿ, ಹಾಸಿಗೆ ಎಳೆಯತೊಡಗಿದೆ. ಮೇಲೆ ಅವರಿಬ್ಬರೂ ಬೀರುವಿಗೆ ಹಗ್ಗ ಹಾಕಿದರು. ನಮ್ಮಲ್ಲಿ ಹಗ್ಗ ಬೀರುವಿನ ತಳದಿಂದ ಬಳಸಿ ಬಂದು ತುದಿ ಮೇಲಿನವನ ಅಂಗೈಯಲ್ಲಿರುತ್ತದೆ. ಅಂಗೈಯಲ್ಲಿ ಮಾತ್ರ. ಮಣಿಕಟ್ಟಿಗೆ ಸುತ್ತಿಕೊಳ್ಳುವವನು ಹೊಸಬ, ಇಲ್ಲವೇ ಮೂರ್ಖ. ಭಾರ ಹೋದರೆ ಅವನೂ ಅದರ ಹಿಂದೆ ಹೋಗುತ್ತಾನೆ.

ಎದುರುಮನೆಯ ಯಾರೋ ಫೋನ್ ಮಾಡಿರಬೇಕು. ಹೊಡೆತದ ಸದ್ದು ಕೇಳದ ಕಿವಿಗಳಿಗೆ ಲಾರಿಯ ಸದ್ದು ಚೆನ್ನಾಗಿ ಕೇಳಿಸುತ್ತದೆ. ಟೈರ್ ಅಂಗಡಿಯವನು ಬೈಕನ್ನು ನಿಲ್ಲಿಸಲೂ ಇಲ್ಲ, ಬೀಳಿಸಿಯೇ ಇಳಿದ. ಕೈಯಲ್ಲಿ ಟೈರ್ ಕಳಚುವ ಸಲಾಕೆ. ನಾನು ಅಡ್ಡ ಬಂದೆ. "ನೋಡಪ್ಪ, ಕೂತು ಮಾತಾಡೋಣ..." ಎನ್ನುವಷ್ಟರಲ್ಲಿ ಸಲಾಕೆ ನನ್ನ ಭುಜದ ಮೇಲೆ ಬಿತ್ತು. ಕಣ್ಣು ಕತ್ತಲಾಗಿ ಚಕ್ರದ ಪಕ್ಕ ಕುಸಿದೆ. ಸಾವರಿಸಿಕೊಂಡು ನಾನು ಮೆಟ್ಟಿಲು ಹತ್ತುವ ಹೊತ್ತಿಗೆ ಅವನು ಮೇಲಿದ್ದ.

ಬೀರು ಹೊಸ್ತಿಲು ದಾಟಿ ಮೆಟ್ಟಿಲ ತುದಿಯಲ್ಲಿ ನಿಂತಿತ್ತು. ತಳಪಾಯ ಮೊದಲ ಮೆಟ್ಟಿಲಲ್ಲಿ ನಿಂತು ಅದರ ಅಂಚಿಗೆ ಎಡಗೈ ಕೊಟ್ಟಿದ್ದ. ಗಂಡ ಹೆಂಡತಿಯ ಜುಟ್ಟು ಹಿಡಿದು ಅವಳ ಮುಖವನ್ನು ಅದೇ ಬೀರುವಿಗೆ, ಅದೇ ತಗ್ಗಿನ ಪಕ್ಕಕ್ಕೆ ಅಪ್ಪಳಿಸಿದ. ಮೂಗಿನಿಂದ ರಕ್ತ ಬಳಬಳನೆ ಸುರಿಯಿತು.

"ಎಲ್ಲಿಗೆ ಹೊರಟೆ? ಯಾರನ್ನ ಕೇಳಿ ಹೊರಟೆ?"

ತಳಪಾಯನ ಬಲಗೈ ಮೇಲೆ ಹೋಯಿತು. ಕೆಳಗಿನಿಂದ ನನಗೆ ಅದು ಸ್ಪಷ್ಟ ಕಾಣಿಸಿತು, ಮುಷ್ಟಿ, ಬಿಗಿದ ನರ, ಎಲ್ಲ. ಹೊಡಿ ಎಂದು ನನ್ನ ಹೊಟ್ಟೆಯೊಳಗಿನಿಂದ ಏನೋ ಕೂಗಿತು. ಕೊಂದುಬಿಡು ಅವನನ್ನ.

"ಅಣ್ಣ!" ಎಂದು ರಕ್ತ ತುಂಬಿದ ಬಾಯಿಂದ ಅವಳು ಕಿರುಚಿದಳು. "ಸಾಮಾನು ಎತ್ತು!"

ಮುಷ್ಟಿ ಗಾಳಿಯಲ್ಲಿ ನಿಂತಿತು. ಆ ಹೊತ್ತಿಗೇ ಟೈರ್ ಅಂಗಡಿಯವನು ಸಲಾಕೆ ಬೀಸಿದ್ದ, ಬೀರುವಿನ ಅಂಚಿನ ಮೇಲಿದ್ದ ಎಡಗೈಗೆ. ಕಬ್ಬಿಣದ ನಡುವೆ ಬೆರಳು ಮುರಿದ ಸದ್ದು ನನಗೆ ಕೇಳಿಸಿತು. ಕಡಲೆಕಾಯಿ ಸುಲಿದಂಥ ಸಣ್ಣ ಸದ್ದು. ತಳಪಾಯ ಕೂಗಲಿಲ್ಲ. ಎತ್ತಿದ್ದ ಕೈಯನ್ನು ಇಳಿಸಿ, ಬಗ್ಗಿ, ಮುರಿದ ಬೆರಳನ್ನೂ ಸೇರಿಸಿ ಬೀರುವಿನ ತಳಕ್ಕೆ ಕೈ ಕೊಟ್ಟು, "ಸೋಡಾ, ಎತ್ತೋ," ಎಂದ.

ಸೋಡಾ ಹಗ್ಗ ಹಿಡಿದು ಎತ್ತಿದ. ಬೀರು ವಾಲಿ ಇಳಿಯತೊಡಗಿತು. ಮೇಲೆ ಅವನು ತಂಗಿಯನ್ನು ಹೊಡೆಯುತ್ತಿದ್ದಾನೆ, ಕೆಳಗೆ ಅಣ್ಣ ಒಂದೊಂದೇ ಮೆಟ್ಟಿಲು ಹಿಮ್ಮಡಿಯಲ್ಲಿ ಹುಡುಕುತ್ತ ಇಳಿಯುತ್ತಿದ್ದಾನೆ. ಪ್ರತಿ ಏಟಿನ ಸದ್ದಿಗೂ ಅವನ ಕುತ್ತಿಗೆ ಸೆಟೆಯುತ್ತಿತ್ತು. ನಾನು ಕೆಳಗಿನಿಂದ ಹೋಗಿ ನೋವಿಲ್ಲದ ಕೈಯನ್ನು ಅವನ ಬೆನ್ನಿಗೆ ಒತ್ತಿ ನಿಂತೆ. ಆ ಬೆನ್ನು ಅದುರುತ್ತಿತ್ತು. ಅಷ್ಟು ಹೊಡೆದಾಟ ನೋಡಿದ್ದೇನೆ, ಕೈ ಎತ್ತದೆ ಸುಮ್ಮನಿದ್ದವನ ಬೆನ್ನಿಗೆ ಅಂಜಿದ್ದು ಅದೇ ಮೊದಲು.

ಹೆಂಡತಿ ಬೇಡಿಕೊಳ್ಳುತ್ತಿಲ್ಲ, ಬೀರು ಹೋಗುತ್ತಿದೆ. ಅದನ್ನು ಗಂಡನಿಗೆ ತಡೆಯಲಾಗಲಿಲ್ಲ. ಅವಳನ್ನು ಒಳಕ್ಕೆ ದಬ್ಬಿ ಮೆಟ್ಟಿಲಿಗೆ ಬಂದ. ಸೋಡಾನ ಬೆನ್ನಿಗೆ ಸಲಾಕೆ ಬಿತ್ತು. ಕನ್ನಡಕ ಮೆಟ್ಟಿಲಿಳಿದು ಹೋಯಿತು, ಸೋಡಾ ಗೋಡೆಗೆ ಕುಸಿದ. ಬೀರು ಒಮ್ಮೆಲೇ ಕೆಳಗೆ ಜಗ್ಗಿತು. ತಳಪಾಯ ಎದೆ ಕೊಟ್ಟು ತಡೆದ. ಅವನ ಬಾಯಿಂದ ಉಸಿರೆಲ್ಲ ಹೊರಬಂತು. ಅಷ್ಟರಲ್ಲಿ ಟೈರ್ ಅಂಗಡಿಯವನು ಸಲಾಕೆ ಬಿಸಾಡಿ, ಜಾರುತ್ತಿದ್ದ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು, ಬಲ ಸಿಗಲೆಂದು ಬಲಗೈಯ ಮಣಿಕಟ್ಟಿಗೆ ಸುತ್ತಿಕೊಂಡ. ಒಂದು ಸುತ್ತಲ್ಲ, ಸುತ್ತಿನ ಮೇಲೆ ಸುತ್ತು.

ಎಳೆದ. ಮೇಲಕ್ಕೆ ಬರಲಿಲ್ಲ. ಆಮೇಲೆ ಅವನಿಗೊಂದು ಆಟ ಹೊಳೆಯಿತು. ಹಗ್ಗವನ್ನು ಸಡಿಲಿಸುವುದು, ಬೀರು ತಳಪಾಯನ ಎದೆಗೆ ಕುಕ್ಕುವುದು. ಮತ್ತೆ ಜಗ್ಗುವುದು, ಮತ್ತೆ ಸಡಿಲಿಸುವುದು.

"ತಂಗಿ ಸಾಮಾನು ಬೇಕಾ? ತಗೋ! ತಗೋ, ಹೊತ್ಕೊಂಡು ಸಾಯಿ!"

ಪ್ರತಿ ಕುಕ್ಕಿಗೂ ತಳಪಾಯನ ಮಂಡಿ ಬಗ್ಗುತ್ತಿತ್ತು. ಕೈಯೆರಡೂ ಭಾರದಡಿ ಸಿಕ್ಕಿದ್ದವು. ಮುರಿದ ಬೆರಳಿನ ರಕ್ತ ತೋಳಿನ ಉದ್ದಕ್ಕೂ ಇಳಿದು ನನ್ನ ಅಂಗಿಗೆ ತೊಟ್ಟಿಕ್ಕಿತು. "ಡ್ರೈವರಣ್ಣ, ನೀನು ಸರಿ," ಎಂದು ಹಲ್ಲು ಕಚ್ಚಿ ಹೇಳಿದ. ಸತ್ತರೆ ಒಬ್ಬನೇ ಸಾಯೋಣ ಎಂಬ ಲೆಕ್ಕ. ಸರಿಯಲಿಲ್ಲ. ಧೈರ್ಯವಲ್ಲ, ಕಾಲು ಬರಲಿಲ್ಲ.

ಆಗ ಬಾಗಿಲಲ್ಲಿ ಅವಳು ಕಂಡಳು. ಮುಖವೆಲ್ಲ ರಕ್ತ, ಒಂದು ಕಣ್ಣು ಮುಚ್ಚಿಹೋಗಿತ್ತು. ಚೌಕಟ್ಟು ಹಿಡಿದು ನಿಂತಳು. ತೆರೆದಿದ್ದ ಕಣ್ಣಿನಿಂದ ಗಂಡನ ಮಣಿಕಟ್ಟನ್ನು ನೋಡಿದಳು. ಕೆಳಗೆ ಅಣ್ಣನನ್ನು ನೋಡಿದಳು. ಅವಳು ಕಿರುಚಲಿಲ್ಲ. ದನಿ ಏರಿಸದೆ, ಅಂಗಳದಲ್ಲಿ ಮಕ್ಕಳಿಗೆ ಪಾಠ ಹೇಳುವವರ ಹಾಗೆ, ಒಂದೇ ಮಾತು ಅಂದಳು.

"ಬಿಡು."

"ಬಿಡಲ್ಲ ಕಣೇ!" ಎಂದು ಗಂಡ ಅವಳತ್ತ ತಿರುಗಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕ.

ಆ ನಗು ಮುಗಿಯಲಿಲ್ಲ. ತಳಪಾಯನ ಕೈಯೆರಡೂ ತೆರೆದಿದ್ದವು. ಅವನು ಗೋಡೆಗೆ, ನಾನು ಕಟಕಟೆಗೆ. ಯಾರೂ ಯೋಚಿಸಲಿಲ್ಲ. ಬೀರು ನಮ್ಮಿಬ್ಬರ ನಡುವೆ ಗುಡುಗುತ್ತ ಹೋಯಿತು. ಅದರ ಹಿಂದೆ ಹಗ್ಗ, ಹಗ್ಗದ ಹಿಂದೆ ಅವನು. ಮೊದಲು ಭುಜ ಕಿತ್ತ ಸದ್ದು, ಆಮೇಲೆ ಅವನ ಗಂಟಲು. ತಲೆ, ಮೊಣಕಾಲು, ಸೊಂಟ ಎಲ್ಲ ಒಂದೊಂದು ಮೆಟ್ಟಿಲಿಗೂ ಬಡಿಯುತ್ತ ನನ್ನ ಪಾದದ ಪಕ್ಕದಿಂದಲೇ ಅವನು ಇಳಿದುಹೋದ. ತಿರುವಿನ ಗೋಡೆಗೆ ಬೀರು ಅಪ್ಪಳಿಸಿ, ಬಾಗಿಲು ಕಿತ್ತು, ಒಳಗಿದ್ದ ಅವಳ ಸೀರೆಗಳೆಲ್ಲ ಹೊರಗೆ ಚೆಲ್ಲಿದವು. ಅವನ ಬಲಗೈ ಮೊಣಕೈವರೆಗೆ ಬೀರುವಿನ ಅಡಿಯಲ್ಲಿತ್ತು.

ನನಗೆ ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ? ಅವನು ಅರಚುತ್ತಿದ್ದಷ್ಟು ಹೊತ್ತೂ ಸಂತೋಷವಾಗುತ್ತಲೇ ಇತ್ತು. ಎದುರುಮನೆಯ ಬಾಗಿಲುಗಳು ಈಗ ಒಂದೊಂದಾಗಿ ತೆರೆದವು.

ಬೀರು ಎತ್ತಿ ಅವನ ಕೈ ಬಿಡಿಸಿದವನು ತಳಪಾಯನೇ. ಮುರಿದ ಬೆರಳಿನಲ್ಲೇ ಎತ್ತಿದ. ತಂಗಿಯ ಗಂಡನ ಮುಖಕ್ಕೆ ನೀರು ಚಿಮುಕಿಸಿದ. ತಳಪಾಯನ ಮುಖವೇ ಹೆಣದ ಹಾಗಾಗಿತ್ತು. "ಕೈ ಎತ್ತಲಿಲ್ಲ ನಾನು," ಎಂದು ಮೆಟ್ಟಿಲಿಗೆ, ಗೋಡೆಗೆ, ಯಾರಿಗೋ ಹೇಳಿಕೊಳ್ಳುತ್ತಿದ್ದ. "ನೋಡಿದ್ರಲ್ಲ, ಎತ್ತಲಿಲ್ಲ."

ಪೊಲೀಸರು ಆಸ್ಪತ್ರೆಗೇ ಬಂದರು. ಹಿಂದೆ ಇವನನ್ನು ಒಳಗೆ ಹಾಕಿದ್ದ ಅದೇ ಸಾಹೇಬರು. ತಳಪಾಯನನ್ನು ಕಂಡಕೂಡಲೇ, "ಮತ್ತೆ ನೀನೇನಾ?" ಎಂದರು. ತಂಗಿ ನನ್ನ ತೋಳನ್ನು ಹಿಡಿದುಕೊಂಡಳು, ಉಗುರು ಚುಚ್ಚುವ ಹಾಗೆ. ಅವಳು ಹೆದರಿದ್ದು ನನಗೆ ಕಂಡದ್ದು ಆಗ ಮಾತ್ರ. ಸಾಹೇಬರು ಟೈರ್ ಅಂಗಡಿಯವನ ಮಂಚದ ಪಕ್ಕ ಕುರ್ಚಿ ಎಳೆದು ಕೂತರು.

"ಇವನು ಹೊಡೆದನೇನಯ್ಯ?"

ಅವನಿಗೆ ನೋವಿನ ಅಮಲು. ಸುಳ್ಳು ಜೋಡಿಸುವಷ್ಟು ತ್ರಾಣವಿರಲಿಲ್ಲ. ಅಥವಾ ಹೆಂಡತಿಯ ಮಾತು ಕೇಳದೆ ಇದ್ದದ್ದು ಅವನಿಗೆ ಆಗಲೂ ಗಂಡಸ್ತನವಾಗಿಯೇ ಕಂಡಿರಬೇಕು. "ಅವನೇನು ಹೊಡೀತಾನೆ ಸಾರ್. ಹಗ್ಗ ನನ್ನ ಕೈಲಿತ್ತು. ಇವಳು ಬಿಡು ಅಂದ್ಲು. ನಾನು ಬಿಡಲಿಲ್ಲ."

ಸಾಹೇಬರು ಅವಳ ಮುಖದ ಕಡೆ ನೋಡಿದರು, ತಳಪಾಯನ ಕಟ್ಟು ಹಾಕಿದ ಬೆರಳು ನೋಡಿದರು, ಸೋಡಾನ ಬೆನ್ನು ನೋಡಿದರು. ಎದ್ದು ನಿಂತು, "ಬಿಡು ಅಂದ ಮೇಲೆ ಬಿಡಬೇಕಿತ್ತಪ್ಪ," ಎಂದರು. ನಮ್ಮ ಕಾನೂನನ್ನು ಅವರು ಯಾರಿಂದಲೂ ಕೇಳಿರಲಿಲ್ಲ.

ಅವಳ ದೂರನ್ನು ಅವರೇ ಬರೆಸಿಕೊಂಡರು. ಆ ಕೈಯಲ್ಲಿ ಅವನು ಇನ್ನು ಸಲಾಕೆ ಹಿಡಿಯಲಾರ ಎಂದು ವೈದ್ಯರು ಹೇಳಿದರು.

ಲಾರಿ ಆ ಬೀದಿಯಲ್ಲೇ ಅರ್ಧ ತುಂಬಿ ನಿಂತಿತ್ತು. ಬಿಸಿಲಲ್ಲಿ ಹಾಸಿಗೆ ರಸ್ತೆಯ ಮೇಲೇ ಬಿದ್ದಿತ್ತು, ಯಾರೂ ಮುಟ್ಟಿರಲಿಲ್ಲ. ತುಂಬಿದ್ದನ್ನು ಮತ್ತೆ ತುಂಬಿ ಹಗ್ಗ ಬಿಗಿದೆ. ಅವಳು ತಿರುವಿಗೆ ಹೋಗಿ ಸೀರೆಗಳನ್ನು ಒಂದೊಂದಾಗಿ ಕೊಡವಿ ಗಂಟು ಕಟ್ಟಿದಳು. ಬೀರುವನ್ನು ಒಮ್ಮೆ ನೋಡಿದಳು. ಅದರ ಮೈಯೆಲ್ಲ ಈಗ ತಗ್ಗು. ಅವಳ ತಲೆಯದು ಯಾವುದೆಂದು ಹುಡುಕಿದರೂ ಸಿಗುವಂತಿರಲಿಲ್ಲ. ಅದನ್ನು ಅಲ್ಲೇ ಇರಿಸಿ ಬಂದು ಲಾರಿ ಹತ್ತಿದಳು.

ಸೋಡಾ ಹಿಂದೆ ಹಾಸಿಗೆಯ ಮೇಲೆ ಬೋರಲು ಮಲಗಿದ. ಮುಂದೆ ನಾವು ಮೂವರು, ಅವಳು ನಡುವೆ. ತಳಪಾಯ ಕಟ್ಟು ಹಾಕಿದ ಎಡಗೈಯನ್ನು ಮಡಿಲಲ್ಲಿಟ್ಟು, ಬಲಗೈಯಲ್ಲಿ ಎದುರಿನ ಸರಳು ಹಿಡಿದು ಕೂತಿದ್ದ. ದೊಡ್ಡ ರಸ್ತೆ ಬಂತು. ಮುಚ್ಚಿದ ಟೈರ್ ಅಂಗಡಿ ಹಿಂದೆ ಹೋಯಿತು. ತಳಪಾಯ ಇದ್ದಕ್ಕಿದ್ದ ಹಾಗೆ ಅತ್ತ. ಆ ದೇಹ ಅಳುವುದನ್ನು ನಾನು ಕಂಡಿರಲಿಲ್ಲ, ಕ್ಯಾಬಿನ್ನೇ ಅಲುಗುತ್ತಿತ್ತು.

"ತಪ್ಪಾಯ್ತು ಕಣೇ. ನೀನು ಅವನಿಗೆ ಹೇಳಿದ್ದು. ಹಗ್ಗ ಬಿಡು ಅಂತ ಅವನಿಗೆ ಹೇಳಿದ್ದು. ನಾನು ಕೆಲಸದ ಮಾತು ಅಂತ ತಿಳ್ಕೊಂಡೆ. ಕೈ ತಾನೇ ಬಿಡ್ತು. ಎತ್ತಲ್ಲ ಅಂತ ಆಣೆ ಇಟ್ಟು, ಎತ್ತಿದ್ದಕ್ಕಿಂತ ಹೆಚ್ಚು ಮಾಡಿಬಿಟ್ಟೆ. ಅಪ್ಪನ ಕೈನೇ ಇದು."

ಅವಳ ಆ ಮುಖದಲ್ಲಿ ತುಟಿ ಅಲ್ಲಾಡಿಸುವುದೂ ಕಷ್ಟವಿತ್ತು.

"ನಿನಗೇ ಹೇಳಿದ್ದು," ಎಂದಳು.

ನಾನು ಗೇರ್ ಬದಲಿಸುವುದನ್ನು ಮರೆತೆ. ಲಾರಿ ಕೆಮ್ಮಿತು.

"ಅವನು ಸುತ್ಕೊಂಡಿದ್ದನ್ನ ನೋಡೇ ಹೇಳಿದ್ದು. ಆ ಮಾತನ್ನ ಅವನಿಗೆ ಎಷ್ಟು ವರ್ಷದಿಂದ ಹೇಳಿದೀನಿ ಅಂತ ಗೊತ್ತಾ ನಿನಗೆ? ಜುಟ್ಟು ಹಿಡಿದಾಗ ಬಿಡು, ಕುತ್ತಿಗೆ ಹಿಡಿದಾಗ ಬಿಡು, ಕಾಲು ಹಿಡಿದು ಬಿಡು. ಒಂದು ದಿನಾನೂ ಬಿಟ್ಟವನಲ್ಲ." ಮಂದವಾದ ಕಿವಿಯನ್ನು ಒರೆಸಿಕೊಂಡಳು. "ನಾನು ಬಿಡು ಅಂದ್ರೆ ಬಿಡೋನು ಅಂತ ನನಗಿರೋದು ನೀನೊಬ್ಬನೇ ಅಣ್ಣ."

ನಾನು ಮರೆತ ಗೇರ್ ಹಾಕಿದೆ. ಬಹಳ ದೂರ ಹೋದ ಮೇಲೆ ಅವನು, ಏನಾದರೂ ಹೇಳಬೇಕಲ್ಲ ಎಂದು, "ಬೀರು ಹೋಯ್ತಲ್ಲೇ," ಎಂದ.

"ಹೋಗ್ಲಿ ಬಿಡು," ಎಂದಳು.

ಸರಳು ಹಿಡಿದಿದ್ದ ಅವನ ಕೈ ತಟ್ಟನೆ ತೆರೆಯಿತು. ಅವಳಿಗೆ ನಗು ಬಂತು, ತುಟಿ ಒಡೆದು ಮತ್ತೆ ರಕ್ತ ಬಂತು. ಆ ತೆರೆದ ಕೈಯನ್ನು ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡು, ಹೊಸ ಕೋಣೆ ಬರುವ ತನಕ ಹಿಡಿದೇ ಕೂತಿದ್ದಳು.